ಸೆಕೆಂಡಿಗೆ 401 ಸುತ್ತು: ನಕ್ಷತ್ರದ ವೇಗ ನೀವೇ ಅಳೆಯಿರಿ

ತೂಕ ಸೂರ್ಯನಿಗಿಂತ ಜಾಸ್ತಿ, ಅಗಲ ಮಾತ್ರ ಇಪ್ಪತ್ತು–ಇಪ್ಪತ್ತೈದು ಕಿಲೋಮೀಟರ್. ಸ್ಯಾಕ್ಸ್ ಜೆ1808.4-3658 (SAX J1808.4-3658) ಎಂಬ ಈ ನ್ಯೂಟ್ರಾನ್ ನಕ್ಷತ್ರ, ಅಂದರೆ ಸತ್ತ ದೊಡ್ಡ ನಕ್ಷತ್ರದ ಒತ್ತಿಹೋದ ತಿರುಳು, ಧನು ರಾಶಿಯ ದಿಕ್ಕಿನಲ್ಲಿದೆ. ಪಕ್ಕದ ಪುಟ್ಟ ಸಂಗಾತಿಯಿಂದ ಅನಿಲ ಎಳೆದುಕೊಳ್ಳುತ್ತದೆ. ಆ ಅನಿಲ ಸುತ್ತಿ ಸುತ್ತಿ ಬಂದು ಕಾಂತಧ್ರುವಗಳ ಬಳಿ ಬೀಳುತ್ತದೆ. ಬಿದ್ದ ಜಾಗ ಕಾದು ಎಕ್ಸ್‌ರೇ ಸೂಸುತ್ತದೆ. ನಕ್ಷತ್ರ ತಿರುಗಿದಂತೆ ಆ ಬಿಸಿ ಜಾಗ ನಮ್ಮ ಕಡೆ ಬಂದು ಹೋಗುತ್ತದೆ.

ಹೀಗೆ ಬೀಳುವ ಅನಿಲವೇ ಮುದಿ ನಕ್ಷತ್ರಕ್ಕೆ ಮತ್ತೆ ವೇಗ ಕೊಡುತ್ತದೆ ಎಂದು 1982ರಲ್ಲೇ ಹೇಳಿದವರಲ್ಲಿ ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯ ವಿ. ರಾಧಾಕೃಷ್ಣನ್ ಮತ್ತು ಜಿ. ಶ್ರೀನಿವಾಸನ್ ಇದ್ದರು. ಗಟ್ಟಿ ಸಾಕ್ಷಿ ಸಿಕ್ಕಿದ್ದು 1998ರಲ್ಲಿ, ಇದೇ ನಕ್ಷತ್ರದಲ್ಲಿ: ಅನಿಲ ಎಳೆದುಕೊಳ್ಳುತ್ತಲೇ ಅದು ಸೆಕೆಂಡಿಗೆ 401 ಸುತ್ತು ತಿರುಗುತ್ತಿತ್ತು. ಆ ಲೆಕ್ಕವನ್ನು ಈಗ ಮನೆಯಲ್ಲೇ ಮಾಡಬಹುದು. ಸ್ವಲ್ಪ ಪೈಥಾನ್ ಗೊತ್ತಿದ್ದರೆ ಸಾಕು.

ಮೊದಲು ಡೇಟಾ. ನಾಸಾದ ಡೇಟಾ ಭಂಡಾರವಾದ ಹೀಸಾರ್ಕ್ (HEASARC) ತಾಣದಲ್ಲಿ ಈ ನಕ್ಷತ್ರದ ಹೆಸರು ಹಾಕಿ, ನೈಸರ್ (NICER) ಎಂಬ ಎಕ್ಸ್‌ರೇ ದೂರದರ್ಶಕದ 2019ರ ಆಗಸ್ಟ್ ಮಧ್ಯದ ಫೈಲುಗಳನ್ನು ಇಳಿಸಿಕೊಳ್ಳಿ. ಆಗ ನಕ್ಷತ್ರ ಚೆನ್ನಾಗಿ ಹೊಳೆಯುತ್ತಿತ್ತು. ಒಂದೊಂದು ಎಕ್ಸ್‌ರೇ ಕಣ ಬಂದ ಹೊತ್ತೂ ಅದರಲ್ಲಿ ದಾಖಲಾಗಿರುತ್ತದೆ. ಈ ಡೇಟಾ ಸಂಸ್ಕರಿಸುವ ಹೀಸಾಫ್ಟ್ (HEASoft) ತಂತ್ರಾಂಶವೂ ಬೇಕು, ಅದು ಉಚಿತ.

ಆಮೇಲೆ ಭೂಮಿಯ ಓಟವನ್ನು ಕಳೆಯಬೇಕು. ನಾವು ಸೂರ್ಯನ ಸುತ್ತ ಓಡುತ್ತಿರುವುದರಿಂದ ಕಣಗಳು ಬರುವ ಹೊತ್ತು ಎಂಟು ನಿಮಿಷದವರೆಗೂ ಹಿಂದುಮುಂದಾಗುತ್ತದೆ. ಹೀಸಾಫ್ಟ್‌ನ ಬ್ಯಾರಿಕಾರ್ (barycorr) ಪ್ರೋಗ್ರಾಂ ಇದನ್ನು ಸರಿಮಾಡುತ್ತದೆ.

ಈಗ ಸಮಯವನ್ನು ಸೆಕೆಂಡಿನ 4096ನೇ ಒಂದು ಭಾಗದಷ್ಟು ಸಣ್ಣಗೆ ಕತ್ತರಿಸಿ, ಪ್ರತಿ ಭಾಗದಲ್ಲಿ ಎಷ್ಟು ಕಣ ಬಂತೆಂದು ಎಣಿಸಿ. ಒಂದು ಸುತ್ತಿಗೆ ಎರಡೂವರೆ ಮಿಲಿಸೆಕೆಂಡು ತಾನೇ, ಇದಕ್ಕಿಂತ ತೀರಾ ದಪ್ಪಗೆ ಕತ್ತರಿಸಿದರೆ ಸುತ್ತೇ ಕಾಣುವುದಿಲ್ಲ. ಸುಮಾರು 200 ಸೆಕೆಂಡಿನ ತುಂಡುಗಳಿಗೆ ಪೈಥಾನ್‌ನ ಸ್ಟಿಂಗ್ರೇ (Stingray) ಲೈಬ್ರರಿಯಲ್ಲಿ ಪವರ್ ಸ್ಪೆಕ್ಟ್ರಮ್ ತೆಗೆಯಿರಿ, ಅಂದರೆ ಸೆಕೆಂಡಿಗೆ ಎಷ್ಟು ಸಲದ ಏರಿಳಿತ ಎಷ್ಟು ಜೋರಾಗಿದೆ ಎಂದು ತೋರಿಸುವ ನಕ್ಷೆ. 401 ಹರ್ಟ್ಜ್ (ಸೆಕೆಂಡಿಗೆ 401 ಸಲ) ಹತ್ತಿರ ಒಂದು ಗೆರೆ ಎದ್ದು ನಿಲ್ಲುತ್ತದೆ. ಹೊಳಪು ದಿಢೀರನೆ ಏರಿದ ತುಂಡು ಸಿಕ್ಕರೆ ಬಿಟ್ಟುಬಿಡಿ. ಅದು ಮೇಲ್ಮೈಯಲ್ಲಿ ಸೇರಿದ ಅನಿಲ ಒಮ್ಮೆಲೇ ಹೊತ್ತಿಕೊಂಡ ಸ್ಫೋಟ, ಬೇರೆಯೇ ಕಥೆ.

ನನಗೆ ತುಂಬಾ ಇಷ್ಟವಾಗುವ ಭಾಗ ಮುಂದಿನದು. ಆ ಗೆರೆ ಒಂದೇ ಕಡೆ ನಿಲ್ಲುವುದಿಲ್ಲ. ಒಂದು ತುಂಡಿನಲ್ಲಿ 400.955 ಹರ್ಟ್ಜ್, ಇನ್ನೊಂದರಲ್ಲಿ 400.995. ಗಾಬರಿ ಬೇಡ, ಲೆಕ್ಕ ತಪ್ಪಿಲ್ಲ. ಸಂಗಾತಿಯ ಜೊತೆ ಸುತ್ತುವಾಗ ನಕ್ಷತ್ರ ನಮ್ಮ ಕಡೆಗೂ ಆಚೆಗೂ ಸರಿಯುತ್ತಿರುತ್ತದೆ; ಹತ್ತಿರ ಬರುವಾಗ ಅಂಕಿ ಏರುತ್ತದೆ, ದೂರ ಹೋಗುವಾಗ ಇಳಿಯುತ್ತದೆ. ಹಲವು ತುಂಡುಗಳ ಅಂಕಿಗಳನ್ನು ಹೊತ್ತಿನ ಎದುರು ಗುರುತಿಸಿ. ನೈಸರ್ ಇರುವ ಬಾಹ್ಯಾಕಾಶ ನಿಲ್ದಾಣವೇ ಒಂದೂವರೆ ಗಂಟೆಗೊಮ್ಮೆ ಭೂಮಿಯನ್ನು ಸುತ್ತುವುದರಿಂದ ನಡುನಡುವೆ ಖಾಲಿ ಬಿಡುತ್ತದೆ. ಒಂದು ದಿನದ ಡೇಟಾ ಸಾಲದು, ಕೆಲವು ದಿನದ್ದು ಸೇರಿಸಿ. ಎರಡು ಗಂಟೆಗೊಮ್ಮೆ ಏರಿಳಿಯುವ ಅಲೆ ಮೂಡುತ್ತದೆ. ಕಣ್ಣಿಗೆ ಕಾಣದ ಸಂಗಾತಿ ಇದ್ದಾನೆ ಅನ್ನುವುದಕ್ಕೆ ಆ ಅಲೆಯೇ ಪುರಾವೆ!

ಅಲೆಯಿಂದ ನಕ್ಷತ್ರದ ಕಕ್ಷೆಯ ತ್ರಿಜ್ಯ ಸಿಗುತ್ತದೆ: ನಮಗೆ ಕಾಣುವಂತೆ ಬೆಳಕು 63 ಮಿಲಿಸೆಕೆಂಡಿನಲ್ಲಿ ದಾಟುವಷ್ಟು. ಅಷ್ಟರಲ್ಲಿ ನಕ್ಷತ್ರ 25 ಸುತ್ತು ಮುಗಿಸಿರುತ್ತದೆ. ಆ ವ್ಯತ್ಯಾಸವನ್ನು ಪ್ರತಿ ಕಣದ ಹೊತ್ತಿನಿಂದ ಕಳೆದು, ಎಲ್ಲವನ್ನೂ 2.4939 ಮಿಲಿಸೆಕೆಂಡಿನ ಒಂದೇ ಸುತ್ತಿನ ಮೇಲೆ ಮಡಚಿ, ಅಂದರೆ ಎಲ್ಲ ಸುತ್ತುಗಳನ್ನೂ ಒಂದರ ಮೇಲೊಂದು ಕೂಡಿಸಿ. ದೊಡ್ಡ ಮಿಂಚು ಕಾಣಬಹುದೆಂದು ಕಾಯಬೇಡಿ. ಹೊಳಪು ಏರಿಳಿಯುವುದು ಶೇಕಡಾ ಕೆಲವೇ ಪಾಲು.

ಇಷ್ಟು ಕೈಗೆ ಬಂದರೆ ಭಾರತದ ಬಾಹ್ಯಾಕಾಶ ದೂರದರ್ಶಕ ನಮ್ಮ ಆಸ್ಟ್ರೋಸ್ಯಾಟ್‌ನ ಡೇಟಾ ನೋಡಿ. ಅದೂ 2019ರಲ್ಲಿ ಇದನ್ನು ನೋಡಿತ್ತು. ಬೆಂಗಳೂರಿನ ಹತ್ತಿರದ ಬ್ಯಾಲಾಳಿನಲ್ಲಿರುವ ಇಸ್ರೋ ಡೇಟಾ ಕೇಂದ್ರದ ತಾಣದಲ್ಲಿ ಖಾತೆ ತೆರೆದು ಇಳಿಸಿಕೊಳ್ಳಬಹುದು. ಭೂಮಿಯ ಓಟ ಕಳೆಯಲು ಮಾತ್ರ ಅದರದ್ದೇ ಬೇರೆ ಪ್ರೋಗ್ರಾಂ ಬಳಸಿ.