ಕುಡಿದದ್ದೆಷ್ಟು, ಹೋದದ್ದೆಷ್ಟು: ಮಳೆಗಾಲದ ಜ್ವರದ ವಾರ್ಡಿನಲ್ಲಿ

ಜೂನ್ ಅರ್ಧ ಕಳೆಯಿತೆಂದರೆ ಮಂಗಳೂರಿನ ಮೆಡಿಕಲ್ ವಾರ್ಡುಗಳಲ್ಲಿ ಬೆಡ್ ಸಿಗುವುದು ಕಷ್ಟ. ಸುಳ್ಯ, ಬೆಳ್ತಂಗಡಿ, ಕಾಸರಗೋಡು, ಕಾರ್ಕಳ ಎಲ್ಲ ಕಡೆಯಿಂದಲೂ ಜ್ವರದವರು ಬರುತ್ತಾರೆ. ನಾನು ಕೆಲಸಕ್ಕೆ ಸೇರಿದ ಕಾಲಕ್ಕೆ ಮಲೇರಿಯಾದವರೇ ಜಾಸ್ತಿ, ಅದರಲ್ಲೂ ಕಟ್ಟಡ ಕೆಲಸದ ಹುಡುಗರು. 2015ರಲ್ಲಿ ನಗರದ ಮಲೇರಿಯಾ ಕಾರ್ಯಕರ್ತರ ಕೈಗೆ ಟ್ಯಾಬ್ ಬಂದು, ಪ್ರತಿ ಪ್ರಕರಣದ ಬೆನ್ನು ಹತ್ತುವ ಪದ್ಧತಿ ಶುರುವಾದ ಮೇಲೆ ಅದು ಇಳಿಯುತ್ತ ಬಂತು. ಈಗ ನಮ್ಮ ಮಳೆಗಾಲ ಡೆಂಗ್ಯೂ ಮತ್ತು ಇಲಿಜ್ವರದ್ದು.

ಈ ಎರಡರಲ್ಲೂ ನರ್ಸ್ ಮಾಡಬೇಕಾದ ಮುಖ್ಯ ಕೆಲಸ ಇಂಜೆಕ್ಷನ್ ಕೊಡುವುದಲ್ಲ, ಅಳೆಯುವುದು. ರೋಗಿ ಎಷ್ಟು ಕುಡಿದ, ಡ್ರಿಪ್‌ನಲ್ಲಿ ಎಷ್ಟು ಹೋಯಿತು, ಎಷ್ಟು ವಾಂತಿಯಾಯಿತು, ಎಷ್ಟು ಮೂತ್ರ ಹೋಯಿತು. ಇನ್‌ಟೇಕ್-ಔಟ್‌ಪುಟ್ ಚಾರ್ಟ್ ಅಂತ ಒಂದು ಹಾಳೆ ಇದೆಯಲ್ಲ, ಫೈಲಿನಲ್ಲಿ ಅತಿ ಹೆಚ್ಚು ಅಂದಾಜಿನಲ್ಲಿ ತುಂಬುವುದು ಅದನ್ನೇ. "ನೀರು ಕುಡಿದಿದ್ದಾರಾ?" "ಹಾಂ ಸಿಸ್ಟರ್, ತುಂಬಾ." "ಮೂತ್ರ ಹೋಯಿತಾ?" "ಹೋಯಿತು, ಎರಡು ಸಲ." ಇದರಿಂದ ಡಾಕ್ಟರಿಗೆ ಏನು ತಿಳಿಯಬೇಕು? 60 ಕೆ.ಜಿ. ತೂಕದವರಿಗೆ ಗಂಟೆಗೆ ಕಡಿಮೆಯೆಂದರೂ 30 ಮಿ.ಲೀ. ಮೂತ್ರ ಹೋಗಬೇಕು. ರಾತ್ರಿ ಎಂಟರಿಂದ ಬೆಳಗ್ಗೆ ಆರರವರೆಗೆ ಬರೀ 250 ಅಂದರೆ ಬೆಳಗ್ಗಿನ ರೌಂಡ್ಸ್ ತನಕ ಕಾಯುವ ಹಾಗಿಲ್ಲ, ಡ್ಯೂಟಿ ಡಾಕ್ಟರನ್ನು ಎಬ್ಬಿಸಬೇಕು. "ಎರಡು ಸಲ ಹೋಯಿತು" ಎಂದು ಬರೆದಿದ್ದರೆ ಯಾರನ್ನು ಎಬ್ಬಿಸುವುದು?

ನೈಟ್‌ನಲ್ಲಿ ಒಬ್ಬರಿಗೆ ಹತ್ತು ಹನ್ನೆರಡು ಬೆಡ್. ಎಲ್ಲರದನ್ನೂ ನಾನೇ ನಿಂತು ಅಳೆಯುತ್ತೇನೆಂದರೆ ಸುಳ್ಳು. ಹಾಗಾಗಿ ರೋಗಿಯ ಜೊತೆಗಿರುವವರನ್ನೇ ಕೆಲಸಕ್ಕೆ ಹಚ್ಚಿದೆ. ಅಡ್ಮಿಷನ್ ಆದ ತಕ್ಷಣ ಮನೆಯಿಂದ ತಂದ ಲೋಟ ತೋರಿಸಿ ಅನ್ನುತ್ತೇನೆ. ಮೆಜರಿಂಗ್ ಜಾರಿನಲ್ಲಿ 200 ಮಿ.ಲೀ. ನೀರು ಅಳೆದು ಅದಕ್ಕೆ ಹೊಯ್ದು, ನೀರು ನಿಂತ ಮಟ್ಟಕ್ಕೆ ಹೊರಗಿನಿಂದ ಪ್ಲಾಸ್ಟರ್ ತುಂಡು ಅಂಟಿಸುತ್ತೇನೆ. ಸ್ಟೀಲ್ ಲೋಟವಾದರೆ ಒಳಗೆ ಕಾಣುವ ಗೆರೆಯ ಲೆಕ್ಕ. ಒಂದು ಲೋಟ ಕುಡಿದರೆ ಕಾಗದದಲ್ಲಿ ಒಂದು ಗೀಟು. ಮಿ.ಲೀ. ಲೆಕ್ಕ ಅವರಿಗೆ ಬೇಡ, ಅದು ನನ್ನ ಕೆಲಸ. ಅಕ್ಷರ ಬಾರದ ಅಜ್ಜಿಯರೂ ಗೀಟು ಎಳೆಯುತ್ತಾರೆ, ಓದಿದ ಮೊಮ್ಮಕ್ಕಳಿಗಿಂತ ನಿಯತ್ತಾಗಿ. ಮೊಮ್ಮಕ್ಕಳ ಕೈಯಲ್ಲಿ ಮೊಬೈಲ್ ಇರುತ್ತದೆ. ಗಂಜಿ ಕೊಟ್ಟರೆ ತಿಳಿ ಮಾತ್ರ ಲೋಟಕ್ಕೆ ಬಸಿದು ಲೆಕ್ಕಕ್ಕೆ ಹಿಡಿಯಿರಿ ಅಂತ ಹೇಳಿಕೊಡುತ್ತೇನೆ.

ಗಂಡಸರು ಎದ್ದು ಟಾಯ್ಲೆಟ್‌ಗೆ ನಡೆದುಬಿಡುತ್ತಾರೆ, ಯೂರಿನ್ ಪಾಟ್ ಮಂಚದ ಕೆಳಗೇ ಇರುತ್ತದೆ. ಅಂಥವರಿಗೆ ಟಾಯ್ಲೆಟ್ಟಿನಲ್ಲೇ ಪಾಟ್ ಇಟ್ಟು, ಹೋಗಿ ಆದ ಮೇಲೆ ಹೊರಗಿನ ಸ್ಟ್ಯಾಂಡಿನಲ್ಲಿಡಿ, ಚೆಲ್ಲಬೇಡಿ ಅನ್ನುತ್ತೇನೆ. ಪಾಟ್‌ಗೆ ಬೆಡ್ ನಂಬರಿನ ಚೀಟಿ. ಗ್ಲೌಸ್ ಹಾಕಿ ಅಳೆದು ಚೆಲ್ಲುವುದು ನಾವೇ. "ಎಂತ ಸಿಸ್ಟರ್, ಇಡೀ ದಿನ ನಿಮ್ಮದು ಮೂತ್ರದ್ದೇ ಮಾತು" ಎಂದು ತೋಟದ ಕೆಲಸದ ಅಣ್ಣನೊಬ್ಬ ನಕ್ಕಿದ್ದ. ಇಲಿಜ್ವರ, ಮೀನಖಂಡ ಹಿಡಿದು ನಡೆಯಲಾಗದೆ ಬಂದವನು, ಕಣ್ಣು ಕೆಂಪು. ಮರುದಿನ ಮೂತ್ರ ಇಳಿದು, ಕಿಡ್ನಿ ಸೋಲುವಾಗ ರಕ್ತದಲ್ಲಿ ಹೆಚ್ಚುವ ಕ್ರಿಯಾಟಿನಿನ್ ಏರತೊಡಗಿದಾಗ ಅವನ ಹೆಂಡತಿಯೇ ಪಾಟ್ ಹಿಡಿದು ನನ್ನ ಟೇಬಲ್ಲಿಗೆ ಬಂದರು.

ಹೆಂಗಸರದು ಬೇರೆಯೇ ಕಥೆ. ಅತ್ತೆಗೆ ಸೊಸೆಯ ಕೈಯಲ್ಲಿ ಬೆಡ್‌ಪ್ಯಾನ್ ಕೊಡಲು ಸಂಕೋಚ, ಅಮ್ಮನಿಗೆ ಮಗನೆದುರು ಕೇಳಲು ನಾಚಿಕೆ. ಚಾರ್ಟ್ ಸರಿಯಾಗಿ ತುಂಬಲು ಶುರು ಮಾಡಿದ ಮೇಲೆಯೇ ನನಗೆ ಒಂದು ವಿಷಯ ಕಂಡದ್ದು: ಸಂಜೆ ಆರರ ನಂತರ ಹೆಂಗಸರ ಕಾಗದದಲ್ಲಿ ಗೀಟುಗಳೇ ಇರುವುದಿಲ್ಲ. ರಾತ್ರಿ ಏಳಬೇಕಾಗುತ್ತದೆ, ಟಾಯ್ಲೆಟ್ ದೂರ, ಯಾರನ್ನು ಎಬ್ಬಿಸುವುದು ಅಂತ ನೀರನ್ನೇ ಬಿಟ್ಟುಬಿಡುತ್ತಾರೆ. ಡೆಂಗ್ಯೂ ಬಂದವರು ಹೀಗೆ ಮಾಡಿದರೆ ಬೆಳಗ್ಗೆ ಬಿ.ಪಿ. ಇಳಿದಿರುತ್ತದೆ. ಈಗ ಒಂಬತ್ತು ಗಂಟೆಯ ಮಾತ್ರೆ ಕೊಡುವಾಗಲೇ ಪರದೆ ಎಳೆದು, ಕಮೋಡ್ ಕುರ್ಚಿಯನ್ನು ಮಂಚದ ಬದಿಗೆ ಇಟ್ಟು, "ಅಮ್ಮ, ಬೆಲ್ ಒತ್ತಿ, ನಾನೇ ಬರುತ್ತೇನೆ" ಅನ್ನುತ್ತೇನೆ. ಒತ್ತುತ್ತಾರೆ, ಹೋಗಲೇಬೇಕು. ನಡುರಾತ್ರಿ ಬೈದುಕೊಂಡೇ ಹೋದದ್ದೂ ಇದೆ, ಆದರೆ ಗೀಟುಗಳು ಹೆಚ್ಚಾದವು.

ಡೆಂಗ್ಯೂವಿನಲ್ಲಿ ಜೊತೆಯವರಿಗೆ ಒಂದೇ ಚಿಂತೆ, ಪ್ಲೇಟ್‌ಲೆಟ್. ಬೆಳಗ್ಗೆ ಲ್ಯಾಬ್ ರಿಪೋರ್ಟ್ ಬರುವ ಹೊತ್ತಿಗೆ ಕೌಂಟರಿನ ಮುಂದೆ ಸಾಲು. 40,000 ಅಂದರೆ ಸಾಕು, ರಕ್ತ ಕೊಡುವವರನ್ನು ಹುಡುಕಿ ವಾಟ್ಸ್ಆ್ಯಪ್ ಸಂದೇಶ ಹೊರಟಿರುತ್ತದೆ. ರಕ್ತಸ್ರಾವ ಇಲ್ಲದಿದ್ದರೆ ಸಾಮಾನ್ಯವಾಗಿ 10,000ಕ್ಕಿಂತ ಕೆಳಗಿಳಿಯುವ ತನಕ ಪ್ಲೇಟ್‌ಲೆಟ್ ಹಾಕುವುದಿಲ್ಲ. ನಾನು ಹೆದರುವುದು ಬೇರೆ ಸಂಖ್ಯೆಗೆ. ಬಿ.ಪಿ.ಯ ಮೇಲಿನ ಅಂಕೆಗೂ ಕೆಳಗಿನದಕ್ಕೂ ನಡುವಿನ ಅಂತರ 20 ಅಥವಾ ಅದಕ್ಕಿಂತ ಕಡಿಮೆಯಾದರೆ, ಅಂದರೆ 100/80 ಬಂದರೆ, ರೋಗಿ ಎದ್ದು ಕೂತು ಮಾತಾಡುತ್ತಿದ್ದರೂ ರಕ್ತನಾಳದಿಂದ ನೀರು ಸೋರುತ್ತಿದೆ ಅಂತ ಲೆಕ್ಕ. "ನೂರು ಇದೆಯಲ್ಲ, ಒಳ್ಳೆಯದೇ" ಅಂದುಕೊಂಡು ಹೊಸ ಹುಡುಗಿಯರು ಬರೆದು ಮುಂದೆ ಹೋಗುತ್ತಾರೆ. ಅವರಿಗೆ ನಾನು ಮೊದಲು ಕಲಿಸುವುದು ಈ ಕಳೆಯುವ ಲೆಕ್ಕ.

ಇನ್ನೊಂದು, ಈ ಸೋರಿಕೆ ಆಗುವುದು ಹೆಚ್ಚಾಗಿ ಜ್ವರ ಇಳಿಯುವ ಹೊತ್ತಿಗೆ, ಮೂರರಿಂದ ಏಳನೇ ದಿನದೊಳಗೆ. ಸರಿಯಾಗಿ ಆಗಲೇ ಮನೆಯವರು ಚೀಲ ಕಟ್ಟುತ್ತಾರೆ. "ಜ್ವರ ಬಿಟ್ಟಿತಲ್ಲ ಸಿಸ್ಟರ್, ಇನ್ನು ಮನೆಗೆ ಹೋಗುವಾ. ಬಿಲ್ ಏರುತ್ತಾ ಉಂಟು." ಬಿಲ್ಲಿನ ಮಾತು ಸುಳ್ಳಲ್ಲ, ಅದಕ್ಕೆ ನನ್ನಲ್ಲಿ ಉತ್ತರವೂ ಇಲ್ಲ. ಜ್ವರ ಬಿಟ್ಟ ಮೇಲಿನ ಒಂದೆರಡು ದಿನವೇ ಅಪಾಯದ್ದು, ಹೊಟ್ಟೆನೋವು, ನಿಲ್ಲದ ವಾಂತಿ, ಕೈಕಾಲು ತಣ್ಣಗಾಗುವುದು ಇದ್ದರೆ ಹೇಳಿ ಅಂತ ಅಡ್ಮಿಷನ್ ದಿನವೇ ಹೇಳಿಬಿಡುತ್ತೇನೆ. ಕೊನೆಗೆ ಹೇಳಿದರೆ ಬಿಲ್ ಏರಿಸಲು ಹೇಳಿದ ಹಾಗೆ ಕೇಳುತ್ತದೆ.

ಮನೆಯಿಂದ ಬರುವ ಕುಡಿಯುವ ವಸ್ತುಗಳದೊಂದು ದೊಡ್ಡ ಪಂಚಾಯಿತಿ. ಡೆಂಗ್ಯೂ ರೋಗಿಗೆ ಪುನರ್ಪುಳಿ (ಕೋಕಂ) ಶರಬತ್ತು ತಂದರೆ ನಾನು ವಾಪಸ್ ಕಳಿಸುತ್ತೇನೆ. ಶರಬತ್ತಿನ ತಪ್ಪಲ್ಲ, ಅದರ ಕೆಂಪು ಬಣ್ಣದ್ದು. ರಾತ್ರಿ ಎರಡಕ್ಕೆ ರೋಗಿ ಕೆಂಪಾಗಿ ವಾಂತಿ ಮಾಡಿದರೆ ಅದು ರಕ್ತವಾ, ಪುನರ್ಪುಳಿಯಾ? ಮಜ್ಜಿಗೆ, ಓಆರ್‌ಎಸ್, ಬೊಂಡ (ಎಳನೀರು) ಎಲ್ಲ ಆಗುತ್ತದೆ. ಆದರೆ ಇಲಿಜ್ವರದಲ್ಲಿ ಮೂತ್ರ ಕಡಿಮೆಯಾಗಿ ಕಿಡ್ನಿ ಸೋತವರಿಗೆ ಬೊಂಡವೂ ಬೇಡ, ಅದರಲ್ಲಿ ಪೊಟ್ಯಾಷಿಯಂ ಹೆಚ್ಚು, ಹೃದಯದ ಬಡಿತವನ್ನೇ ತಪ್ಪಿಸಬಹುದು. ಇದನ್ನು ಒಪ್ಪಿಸುವುದು ನಮ್ಮೂರಲ್ಲಿ ಸುಲಭವಲ್ಲ. ಆಸ್ಪತ್ರೆಗೆ ಬರಿಗೈಯಲ್ಲಿ ಯಾರೂ ಬರುವುದಿಲ್ಲ, ಮಳೆಯಲ್ಲಿ ಕೊಡೆ ಹಿಡಿದು ನಾಲ್ಕು ಬೊಂಡ ಹೊತ್ತು ತಂದವರಿಗೆ ಬೇಡ ಅನ್ನುವುದು ಹೇಗೆ? ಜೊತೆಗಿದ್ದವರತ್ತ ತಿರುಗಿ, "ಇವರು ಎರಡು ರಾತ್ರಿ ನಿದ್ದೆ ಮಾಡಿಲ್ಲ ಮಾರಾಯ್ರೆ, ಇವರಿಗೆ ಕುಡಿಸಿ, ಅಣ್ಣನಿಗೆ ಡಾಕ್ಟರ್ ಹೇಳಿದ ಮೇಲೆ ಕೊಡುವಾ" ಅನ್ನುತ್ತೇನೆ. ತಂದವರಿಗೂ ಬೇಸರವಿಲ್ಲ, ಬೊಂಡವೂ ಹಾಳಾಗುವುದಿಲ್ಲ.

ಡ್ಯೂಟಿ ಮುಗಿಸಿ ಮುಂದಿನವರಿಗೆ ಹ್ಯಾಂಡೋವರ್ ಕೊಡುವಾಗ ಈಗ ನಾನು ಹೆಸರು, ಕಾಯಿಲೆ ಆದ ಕೂಡಲೇ ಮೂತ್ರದ ಲೆಕ್ಕ ಹೇಳುತ್ತೇನೆ, ಪ್ಲೇಟ್‌ಲೆಟ್ ಆಮೇಲೆ. ಮೊದಮೊದಲು ಬೆಳಗ್ಗಿನ ಡ್ಯೂಟಿಯವರು ಮುಸಿಮುಸಿ ನಗುತ್ತಿದ್ದರು. ಈಚೆಗೆ ಅವರೂ ಕೇಳುತ್ತಾರೆ, "ಆರನೇ ಬೆಡ್‌ನವರ ಗೀಟಿನ ಕಾಗದ ಎಲ್ಲಿ?" ಹಿಂದಿನ ಮಳೆಗಾಲದಲ್ಲಿ ಪ್ಲಾಸ್ಟರ್ ರೋಲ್ ಬೇಗ ಮುಗಿಯುತ್ತಿದೆ ಎಂದು ಸ್ಟೋರಿನವರು ತಕರಾರು ತೆಗೆದರು. ಲೋಟ ತಂದು ತೋರಿಸಿದೆ. ಇಂಡೆಂಟ್‌ನಲ್ಲಿ (ಸ್ಟೋರಿಗೆ ಕೊಡುವ ಬೇಡಿಕೆ ಚೀಟಿ) ಎರಡು ರೋಲ್ ಹೆಚ್ಚು ಬರೆಯಲು ಬಿಟ್ಟರು.