ಮಾತಿಗಿಂತ ತುಸು ಜೋರು: ಮನೆಗೆ ಡಿಸ್ಟಾರ್ಷನ್ ಆಂಪ್ ಆರಿಸಿದ ನನ್ನ ಅನುಭವ

ಮನೆಯಲ್ಲಿ ಎಲೆಕ್ಟ್ರಿಕ್ ಗಿಟಾರ್ ನುಡಿಸಲು ಆಂಪ್ (ಗಿಟಾರಿನ ಸದ್ದು ಹೆಚ್ಚಿಸುವ ಪೆಟ್ಟಿಗೆ) ಕೊಳ್ಳುವವರು ಮೊದಲು ಸದ್ದಿನ ಮಟ್ಟ ಗೊತ್ತುಮಾಡಿಕೊಳ್ಳಬೇಕು, ಆಂಪ್ ಆರಿಸುವುದು ಆಮೇಲೆ. ನಾನು ಇದನ್ನು ಹೇಳಲು ಶುರುಮಾಡಿ ಮೂರ್ನಾಲ್ಕು ವರ್ಷವಾಯಿತು. ಜೊತೆಗೆ ನುಡಿಸುವ ಹುಡುಗರು ಒಪ್ಪಲಿಲ್ಲ. "ಮಗಾ, ಆಂಪ್ ಅಂದ್ಮೇಲೆ ಓಪನ್ ಮಾಡಿ ಕೇಳ್ಬೇಕು, ನೀನು ರೇಡಿಯೋ ಥರ ಇಟ್ಕೊಂಡು ಏನ್ ಜಡ್ಜ್ ಮಾಡ್ತೀಯ?" ಅಂದರು. ಅಂಗಡಿಯವರೂ ಅದನ್ನೇ ಅಂದರು. ಈಗ ಅದೇ ಹುಡುಗರಲ್ಲಿ ಇಬ್ಬರು ಫೋನಿನಲ್ಲಿ ಸದ್ದು ಅಳೆಯುವ ಡೆಸಿಬೆಲ್ (ಡಿಬಿ) ಆ್ಯಪ್ ಹಾಕಿಕೊಂಡು ಅಂಗಡಿಗೆ ಹೋಗುತ್ತಿದ್ದಾರೆ. ಅದಕ್ಕೇ ಬರೆಯುತ್ತಿದ್ದೇನೆ. ಗೇನ್ ನಾಬ್ ಗಿಟಾರಿನ ಸದ್ದನ್ನು ಒಡೆದು ಒರಟಾಗಿಸುತ್ತದೆ, ಅದೇ ಡಿಸ್ಟಾರ್ಷನ್. ಮಾಸ್ಟರ್ ನಾಬ್ ಒಟ್ಟು ಸದ್ದು ಏರಿಸಿ ಇಳಿಸುತ್ತದೆ. ಇಷ್ಟು ಗೊತ್ತಿದ್ದರೆ ಸಾಕು.

ನನ್ನ ಪರಿಸ್ಥಿತಿ ಹೀಗಿದೆ. ಬನಶಂಕರಿಯಲ್ಲಿ ಮೊದಲ ಮಹಡಿಯ ಬಾಡಿಗೆ ಮನೆ, ಹತ್ತಕ್ಕೆ ಹನ್ನೊಂದು ಅಡಿಯ ಕೋಣೆ, ಕೆಳಗೆ ಮನೆಯ ಓನರ್. ಬ್ರಿಡ್ಜಿನಲ್ಲಿ ಹಂಬಕರ್ ಪಿಕಪ್ (ತಂತಿಯ ಕಂಪನ ಹಿಡಿಯುವ ಭಾಗ) ಇರುವ ಗಿಟಾರ್. ನುಡಿಸುವುದು ಹೆಚ್ಚಾಗಿ ಎಂಬತ್ತರ ದಶಕದ ಮೆಟಲ್ ರಿಫ್‌ಗಳು. 2011ರಲ್ಲಿ ಅರಮನೆ ಮೈದಾನದಲ್ಲಿ ಮೆಟಾಲಿಕಾ ಬ್ಯಾಂಡ್ ಕೇಳಿಬಂದ ನಮ್ಮ ವಯಸ್ಸಿನವರಿಗೆ ಆ ಪಾಮ್ ಮ್ಯೂಟಿನ (ಅಂಗೈ ತಂತಿಗೆ ತಾಗಿಸಿ ನುಡಿಸುವುದು) ಏಟು ಎದೆಯಲ್ಲಿ ಉಳಿದಿದೆ. ಅದನ್ನು ಇಂಥ ಕೋಣೆಗೆ ತರುವುದು ಹೇಗೆ ಎನ್ನುವುದೇ ಪ್ರಶ್ನೆ.

ಮೊದಲು ದುಡ್ಡು ಹೋದ ಕಥೆ. ಎಲ್ಲರೂ "ಟ್ಯೂಬ್ ತಗೋ" (ಹಳೆ ರೇಡಿಯೋದಲ್ಲಿದ್ದಂಥ ಗಾಜಿನ ವಾಲ್ವಿನ ಆಂಪ್) ಅನ್ನುತ್ತಿದ್ದ ಕಾಲದಲ್ಲಿ 15 ವಾಟ್‌ನ ಸೆಕೆಂಡ್ ಹ್ಯಾಂಡ್ ಟ್ಯೂಬ್ ಕಾಂಬೊ (ಆಂಪ್, ಸ್ಪೀಕರ್ ಒಂದೇ ಪೆಟ್ಟಿಗೆಯಲ್ಲಿ) ತಂದೆ. ಎರಡು ಇಎಲ್84 ಪವರ್ ಟ್ಯೂಬ್ (ಸ್ಪೀಕರಿಗೆ ಶಕ್ತಿ ಕೊಡುವವು), 12 ಇಂಚಿನ ಸ್ಪೀಕರ್, ಮೂವತ್ತೈದು ಸಾವಿರದ ಹತ್ತಿರ. ಜಾಮ್ ರೂಮಿನಲ್ಲಿ ಅದ್ಭುತ. ಮನೆಯಲ್ಲಿ ಮಾಸ್ಟರ್ ನಾಬ್ ಒಂದರ ಗೆರೆ ಮುಟ್ಟುವಷ್ಟರಲ್ಲಿ ಕಿಟಕಿ ಗಾಜು ನಡುಗುತ್ತಿತ್ತು, ಒಂದಕ್ಕಿಂತ ಕೆಳಗಿಟ್ಟರೆ ಸದ್ದು ಮಂಕು. ಸ್ನೇಹಿತನ ಅಟೆನ್ಯುಯೇಟರ್ (ಸ್ಪೀಕರಿಗೆ ಹೋಗುವ ಶಕ್ತಿ ತಗ್ಗಿಸುವ ಡಬ್ಬಿ) ತಂದು ಮಧ್ಯೆ ಹಾಕಿದೆ. ಸದ್ದು ಇಳಿಯಿತು, ಆದರೆ ಹೈ ಭಾಗ ಕಂಬಳಿ ಹೊದ್ದಂತಾಯಿತು. ಅಟೆನ್ಯುಯೇಟರ್ ಹೊಸದಾಗಿ ಕೊಳ್ಳಲು ಮತ್ತೆ ಹದಿನೈದು ಸಾವಿರ ಬೇಕಿತ್ತು. ಬೇಡವೆಂದು ಆಂಪನ್ನೇ ಮಾರಿದೆ. ಆರೇಳು ಸಾವಿರ ಹೋಯಿತು.

ಆಮೇಲೆ ಮೇಜಿನ ಮೇಲಿಡುವ ಪುಟ್ಟ ಮಾಡೆಲಿಂಗ್ ಆಂಪ್ (ಬೇರೆ ಆಂಪುಗಳ ಸದ್ದನ್ನು ಅನುಕರಿಸುವಂಥದ್ದು) ಬಂತು. ಅದರಲ್ಲಿ ಇಲ್ಲದ ಆಂಪಿಲ್ಲ, ರೆಕಾರ್ಡ್ ಮಾಡಿದರೆ ಚೆನ್ನ. ಆದರೆ ಮೂರು ಇಂಚಿನ ಸ್ಪೀಕರಿನಿಂದ ಲೋ ಇ (ಎಲ್ಲಕ್ಕಿಂತ ದಪ್ಪ) ತಂತಿಯ 82 ಹರ್ಟ್ಜ್ ಎಲ್ಲಿ ಬರಬೇಕು? ಪಾಮ್ ಮ್ಯೂಟ್ ಕೇಳಿಸುತ್ತದೆ, ತಾಗುವುದಿಲ್ಲ. ಲ್ಯಾಪ್‌ಟಾಪ್, ಇಂಟರ್‌ಫೇಸ್, ಪ್ಲಗಿನ್ (ಆಂಪಿನ ಕೆಲಸ ಮಾಡುವ ಸಾಫ್ಟ್‌ವೇರ್), ಐಆರ್ (ಸ್ಪೀಕರಿನ ಸದ್ದಿನ ಡಿಜಿಟಲ್ ಅಚ್ಚು), ಹೆಡ್‌ಫೋನ್ ದಾರಿಯಲ್ಲೂ ಕೆಲವು ತಿಂಗಳು ನಡೆದೆ. ಉಚಿತವಾಗಿ ಸಿಗುವ ನ್ಯೂರಲ್ ಆಂಪ್ ಮಾಡೆಲರ್ ಎಂಬ ಪ್ಲಗಿನ್ ನಿಜಕ್ಕೂ ಬೆರಗು ಹುಟ್ಟಿಸುವಂಥದ್ದು. ರಾತ್ರಿ ಹತ್ತರ ಮೇಲೆ ಇವತ್ತಿಗೂ ಅದನ್ನೇ ಬಳಸುತ್ತೇನೆ. ಆದರೆ ಹಗಲು ಹೊತ್ತಿನಲ್ಲಿ ನನಗೆ ಕೋಣೆಯ ಗಾಳಿ ಅಲುಗಬೇಕು.

ಒಂದು ಸಂಜೆ ಕಾಗದ ತೆಗೆದುಕೊಂಡು ಲೆಕ್ಕ ಹಾಕಿದೆ. ನನ್ನ ಪ್ರಕಾರ ಇಡೀ ವಿಷಯ ಇರುವುದು ಇಲ್ಲೇ. ಸೆಲೆಸ್ಟಿಯನ್ ಗ್ರೀನ್‌ಬ್ಯಾಕ್ ಥರದ 12 ಇಂಚಿನ ಸ್ಪೀಕರ್ ಒಂದು ವಾಟ್ ಕೊಟ್ಟರೆ ಒಂದು ಮೀಟರ್ ದೂರದಲ್ಲಿ 98 ಡಿಬಿ ಸದ್ದು ಮಾಡುತ್ತದೆ. ಮಾಮೂಲಿ ಮಾತು 60 ಡಿಬಿ ಆಸುಪಾಸು. ನಾನು ಇಟ್ಟುಕೊಂಡ ಮಿತಿ 70, ಅಂದರೆ ಮಾತಿಗಿಂತ ತುಸು ಜೋರು. 98ರಿಂದ 70ಕ್ಕೆ ಇಳಿಯಬೇಕಾದರೆ ಒಂದು ವಾಟ್‌ನ ಆರುನೂರನೇ ಒಂದು ಭಾಗ ಸಾಕು. ಎರಡು ಮಿಲಿವಾಟ್ ಕೂಡ ಇಲ್ಲ! ಎರಡು ಮೀಟರ್ ದೂರ ಕೂತರೂ ಹತ್ತು ಮಿಲಿವಾಟ್ ದಾಟದು. ಅದೇ 5 ವಾಟ್‌ನ "ಬೆಡ್‌ರೂಮ್ ಟ್ಯೂಬ್ ಆಂಪ್" ಪೂರ್ತಿ ತೆರೆದರೆ 105 ಡಿಬಿ. ಹಾಗಿರುವಾಗ ಪವರ್ ಟ್ಯೂಬ್ ಬೆವರಿದಾಗ ಬರುವ ಆ ಡಿಸ್ಟಾರ್ಷನ್ ನಮ್ಮ ಕೋಣೆಗಳಲ್ಲಿ ಹುಟ್ಟುವುದೇ ಇಲ್ಲ. ಒಂದು ವಾಟ್ ಆಂಪಿನಲ್ಲೂ ಹುಟ್ಟುವುದಿಲ್ಲ. ನಾವು ಮನೆಯಲ್ಲಿ ಕೇಳುವುದು ಪ್ರೀಆಂಪಿನ (ಆಂಪಿನ ಮೊದಲ ಹಂತ, ಗೇನ್ ಇರುವ ಕಡೆ) ಡಿಸ್ಟಾರ್ಷನ್, ಮತ್ತು ಅದನ್ನು ಹೊರಗೆ ಹಾಕುವ ಸ್ಪೀಕರ್. ಉಳಿದದ್ದಕ್ಕೆ ಕೊಡುವ ದುಡ್ಡು ನಮ್ಮ ಕಿವಿಗೆ ತಲುಪುವುದಿಲ್ಲ.

ಜೊತೆಗೆ ಕಿವಿಯ ಸ್ವಭಾವವೂ ಇದೆ. ಸದ್ದು ಇಳಿದಂತೆ ಬೇಸ್ ಕಿವಿಗೆ ಮೊದಲು ಕಮ್ಮಿಯಾಗುತ್ತದೆ. ಫ್ಲೆಚರ್ ಮತ್ತು ಮನ್ಸನ್ ಎಂಬ ಸಂಶೋಧಕರು 1933ರಲ್ಲೇ ಇದನ್ನು ಅಳೆದು ಗ್ರಾಫ್ ಹಾಕಿದ್ದಾರೆ. ಅಂಗಡಿಯಲ್ಲಿ 95 ಡಿಬಿಯಲ್ಲಿ ಮೈ ಜುಮ್ಮೆನಿಸಿದ ಆಂಪ್ ಮನೆಗೆ ಬಂದು 70ರಲ್ಲಿ ತೆಳ್ಳಗಾಗುವುದು ಇದರಿಂದಲೇ. ಜೋರಾಗಿ ಕೇಳಿ ಆರಿಸಿದರೆ ನೀವು ಆರಿಸಿದ್ದು ಬೇರೆಯೇ ಆಂಪ್ ಎಂದ ಹಾಗೆ.

ಅಂಗಡಿಯಲ್ಲಿ ನಾನು ಮಾಡಿದ್ದು ಇಷ್ಟೆ. ನನ್ನದೇ ಗಿಟಾರ್, ನನ್ನದೇ ಕೇಬಲ್. ಆಂಪಿನಿಂದ ಐದಾರು ಅಡಿ ದೂರ ಸ್ಟೂಲ್, ಪಕ್ಕದಲ್ಲಿ ಫೋನ್. ಪ್ರತಿ ಆಂಪನ್ನೂ 70ಕ್ಕೆ ತಂದು ನಿಲ್ಲಿಸಿದ ಮೇಲೆಯೇ ನುಡಿಸುವುದು. ಫೋನಿನ ಮೀಟರ್ ನಾಲ್ಕೈದು ಡಿಬಿ ತಪ್ಪು ತೋರಿಸಬಹುದು, ಆದರೆ ಎಲ್ಲ ಆಂಪಿಗೂ ಒಂದೇ ತಪ್ಪು, ಹೋಲಿಕೆಗೆ ತೊಂದರೆಯಿಲ್ಲ. ಮೊದಲು ಲೋ ಇ ಪಾಮ್ ಮ್ಯೂಟ್. ಆಮೇಲೆ ಒಂದು ಪವರ್ ಕಾರ್ಡ್ (ಎರಡು ಸ್ವರಗಳ ಜೋಡಿ) ಹೊಡೆದು ಸುಮ್ಮನೆ ಕೂತು ಅದು ಆರಿಹೋಗುವುದನ್ನು ಪೂರ್ತಿ ಕೇಳುವುದು. ಕೊನೆಯಲ್ಲಿ ಕರಕರ ಎಂದು ತುಂಡಾಗಿ ನಿಂತರೆ ಆ ಆಂಪ್ ಅಲ್ಲಿಗೇ ಬಿಟ್ಟೆ. ಆಮೇಲೆ ಅದೇ ಗೇನಿನಲ್ಲಿ ಆರೂ ತಂತಿಯ ಜಿ ಮೇಜರ್ ಕಾರ್ಡ್. ಆರೂ ತಂತಿ ಬೇರೆಬೇರೆಯಾಗಿ ಕೇಳಬೇಕು, ಕಲಸಿಹೋಗಬಾರದು. ಗಿಟಾರಿನ ವಾಲ್ಯೂಮ್ ಅರ್ಧಕ್ಕೆ ಇಳಿಸಿದರೆ ಡಿಸ್ಟಾರ್ಷನ್ ತಿಳಿಯಾಗುತ್ತದೆಯೇ ಎಂಬುದನ್ನೂ ನೋಡುತ್ತೇನೆ. ಕೊನೆಗೆ ಕೈ ತಂತಿ ಮೇಲಿಟ್ಟು ಏನೂ ನುಡಿಸದೆ ಕೂರುವುದು. ಕಡಿಮೆ ವಾಲ್ಯೂಮಿನಲ್ಲಿ ಹಿಸ್ಸ್ ಸದ್ದು ರಿಫ್‌ನ ಸಮಕ್ಕೆ ನಿಲ್ಲುತ್ತದೆ, ಜೋರಾಗಿಟ್ಟಾಗ ಅದು ಗಮನಕ್ಕೇ ಬರುವುದಿಲ್ಲ.

"ಸಾರ್, ಈ ವಾಲ್ಯೂಮಲ್ಲಿ ಎಲ್ಲಾ ಆಂಪೂ ಒಂದೇ ಥರ" ಅಂದ ಅಂಗಡಿಯ ಹುಡುಗ. ಒಂದೇ ಥರ ಇರಲಿಲ್ಲ. ಅಲ್ಲಿದ್ದ ಎಂಟು ಇಂಚಿನ ಸ್ಪೀಕರಿನವು ಎಲ್ಲವೂ ಮೊದಲ ಪರೀಕ್ಷೆಯಲ್ಲೇ ಬಿದ್ದವು. ಒಂದು ದುಬಾರಿ ಟ್ಯೂಬ್ ಹೆಡ್ (ಸ್ಪೀಕರ್ ಇಲ್ಲದ ಆಂಪ್) ಪವರ್ ಕಾರ್ಡ್ ಆರುವ ಪರೀಕ್ಷೆಯಲ್ಲಿ ಗೆದ್ದು, ನಾಬ್ ಕೂದಲೆಳೆ ತಿರುಗಿಸಿದರೆ ಹತ್ತು ಡಿಬಿ ಹಾರುವ ಕಾರಣಕ್ಕೆ ಹೋಯಿತು. ಕೊನೆಗೆ ಉಳಿದದ್ದು ಎರಡು. 12 ಇಂಚಿನ ಸ್ಪೀಕರ್ ಇರುವ ಬಾಸ್ ಕಂಪನಿಯ ಕಟಾನಾ 50, ಮತ್ತು 35 ವಾಟ್‌ನ ಆರೆಂಜ್ ಕ್ರಷ್. ಡಬ್ಬಿಯಿಂದ ತೆಗೆದು ನುಡಿಸಬೇಕು, ಬೇರೆ ತಲೆನೋವು ಬೇಡ ಅನ್ನುವವರು ಕಣ್ಣುಮುಚ್ಚಿ ಕಟಾನಾ ತೆಗೆದುಕೊಳ್ಳಿ. ಅದರಲ್ಲಿ ಪವರನ್ನು ಅರ್ಧ ವಾಟ್‌ಗೆ ಇಳಿಸುವ ಸ್ವಿಚ್ ಇದೆ, ವಾಲ್ಯೂಮ್ ನಾಬನ್ನು ಕೂದಲೆಳೆಯಲ್ಲಿ ಹಿಡಿಯುವ ಕಷ್ಟವಿಲ್ಲ. ನಾನು ಕ್ರಷ್ ಹಿಡಿದೆ. ಅದರ ಗೇನ್ ಪೂರ್ತಿ ಅನಲಾಗ್, ನಾಲ್ಕು ಹಂತದ್ದು, ಮಿಡ್ ದಪ್ಪ. ಹಿಂದೆ ಎಫೆಕ್ಟ್ಸ್ ಲೂಪ್ (ಗೇನ್ ಆದ ಮೇಲಿನ ಸದ್ದಿಗೆ ಬೇರೆ ಡಬ್ಬಿ ಜೋಡಿಸುವ ಜಾಗ) ಇದೆ, ಅದು ನನಗೆ ಬೇಕೇಬೇಕಿತ್ತು. ಸೆಕೆಂಡ್ ಹ್ಯಾಂಡ್‌ನಲ್ಲಿ ಹದಿನೈದು ಸಾವಿರದ ಆಚೀಚೆ ಸಿಕ್ಕಿತು.

ಅದರಲ್ಲಿರುವುದು ಹತ್ತು ಇಂಚಿನ ಸ್ಪೀಕರ್. ಒಳ್ಳೆಯದೇ, ಆದರೆ ನನಗೆ ಸಾಲದು. ಬಡಗಿಯ ಹತ್ತಿರ 18 ಮಿಲಿಮೀಟರ್ ಪ್ಲೈವುಡ್ಡಿನಲ್ಲಿ ಹಿಂಬದಿ ಮುಚ್ಚಿದ ಕ್ಯಾಬಿನೆಟ್ ಮಾಡಿಸಿದೆ. ಅಡುಗೆಮನೆ ಕಪಾಟು ಮಾಡುವವರು ಅವರು, "ಇಷ್ಟು ದಪ್ಪ ಪ್ಲೈ ಯಾಕೆ ಸಾರ್" ಅಂತ ಕೇಳುತ್ತಲೇ ಒಂದು ಮಿಲಿಮೀಟರ್ ಸಂದು ಬಿಡದೆ ಕೂಡಿಸಿಕೊಟ್ಟರು. ಮರ, ಕೂಲಿ ಸೇರಿ ನಾಲ್ಕು ಸಾವಿರ. ಹಳೆಯ 12 ಇಂಚಿನ ಸ್ಪೀಕರ್ ಏಳು ಸಾವಿರಕ್ಕೆ ಬಂತು. ಆಂಪಿನ ಒಳಗಿನ ಸ್ಪೀಕರ್ ವೈರ್ ಬಿಚ್ಚಿ ಒಂದು ಜ್ಯಾಕ್‌ಗೆ ಬೆಸುಗೆ ಹಾಕಿಸಿದೆ. ಇಂಥ ಸಾಲಿಡ್ ಸ್ಟೇಟ್ (ಟ್ಯೂಬ್ ಇಲ್ಲದ) ಆಂಪಿಗೆ ಹಿಂದೆ ಬರೆದಿರುವುದಕ್ಕಿಂತ ಕಡಿಮೆ ಓಮ್‌ನ ಸ್ಪೀಕರ್ ಹಾಕಬಾರದು, ಹೆಚ್ಚಿದ್ದರೆ ತೊಂದರೆಯಿಲ್ಲ. ಟ್ಯೂಬ್ ಆಂಪಿನವರು ಮಾತ್ರ ಸ್ಪೀಕರ್ ಇಲ್ಲದೆ ಒಂದು ಕ್ಷಣವೂ ಆನ್ ಮಾಡಬೇಡಿ, ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ಸುಟ್ಟೀತು.

12 ಇಂಚಿಗೆ ಹೋಗಿದ್ದು ಬೇಸ್ ಆಸೆಗೆ, ಆದರೆ ಇನ್ನೊಂದು ಲಾಭವೂ ಆಯಿತು. ಗಿಟಾರ್ ಸ್ಪೀಕರ್ 5 ಕಿಲೋಹರ್ಟ್ಜ್ ದಾಟಿದ ಮೇಲೆ ಕೆಳಗೆ ಇಳಿಯುತ್ತದೆ, ಡಿಸ್ಟಾರ್ಷನ್ನಿನ ಕಿರಿಕಿರಿಯನ್ನು ಸೋಸುವುದೇ ಅದು. ಪಕ್ಕದ ಮನೆಯ ಹುಡುಗ ತನ್ನ ಡಿಸ್ಟಾರ್ಷನ್ ಪೆಡಲನ್ನು (ಕಾಲಲ್ಲಿ ಒತ್ತುವ ಡಬ್ಬಿ) ಟ್ವೀಟರ್ ಇರುವ ಕೀಬೋರ್ಡ್ ಆಂಪಿಗೆ ಹಾಕಿ, ಪೆಡಲ್ ಸರಿಯಿಲ್ಲ ಎಂದು ಮಾರಲು ಹೊರಟಿದ್ದ. ಪೆಡಲ್ ಸರಿಯಾಗಿಯೇ ಇತ್ತು. ನನ್ನ ಕ್ಯಾಬಿನೆಟ್ಟಿಗೆ ಹಾಕಿ ತೋರಿಸಿದ ಮೇಲೆ ಮಾರುವ ಮಾತು ಬಿಟ್ಟ.

ಆಂಪಿನ ಮುಂದೆ ಬಾಸ್ ಕಂಪನಿಯ ಎಸ್‌ಡಿ-1 ಓವರ್‌ಡ್ರೈವ್ ಪೆಡಲ್ ಇದೆ. ಡ್ರೈವ್ ಸೊನ್ನೆ, ಲೆವೆಲ್ ಮುಕ್ಕಾಲು. ಡಿಸ್ಟಾರ್ಷನ್ ಕೊಡುವುದು ಅದರ ಕೆಲಸವಲ್ಲ. ಗೇನಿಗೆ ಹೋಗುವ ಮುಂಚೆ ಬೇಸ್ ಕತ್ತರಿಸಿ ಪಾಮ್ ಮ್ಯೂಟನ್ನು ಬಿಗಿ ಮಾಡುವುದು. ಆಂಪಿನ ಗೇನ್ ಅರ್ಧಕ್ಕಿಂತ ಮೇಲೆ ಹೋಗುವುದಿಲ್ಲ. ಕತ್ತರಿಸಿದ ಬೇಸನ್ನು ಲೂಪಿನಲ್ಲಿರುವ ಜಿಇ-7 ಈಕ್ವಲೈಜರ್ ಪೆಡಲ್ ವಾಪಸ್ ಕೊಡುತ್ತದೆ. 100 ಹರ್ಟ್ಜ್ ಸ್ವಲ್ಪ ಮೇಲೆ, 3.2 ಕಿಲೋಹರ್ಟ್ಜ್ ಸ್ವಲ್ಪ ಕೆಳಗೆ. ಗೇನಿಗೆ ಮುಂಚೆ ಬೇಸ್ ಕಮ್ಮಿ, ಗೇನ್ ಆದ ಮೇಲೆ ಬೇಸ್ ಜಾಸ್ತಿ. ಮಿಡ್ ತೆಗೆದು ನಗುವಿನ ಆಕಾರ ಮಾಡುವವರಿಗೆ ನಾನು ಹೇಳುವುದು ಒಂದೇ, 800 ಹರ್ಟ್ಜ್‌ನ ಸ್ಲೈಡರಿಗೆ ಕೈ ಹಾಕಬೇಡಿ. ಉಳಿದ ಸ್ಲೈಡರುಗಳಲ್ಲಿ ಎರಡನ್ನು ನಾನು ಎಲ್ಲಿಟ್ಟಿದ್ದೇನೆ ಎಂಬುದು ಸದ್ಯಕ್ಕೆ ನನ್ನಲ್ಲೇ ಇರಲಿ. ಆ ಜಾಗ ಹುಡುಕಲು ನನಗೆ ಒಂದು ಮಳೆಗಾಲ ಹಿಡಿದಿದೆ.

ಲೂಪಿನಲ್ಲಿ ಇನ್ನೊಂದು ಪುಟ್ಟ ಡಬ್ಬಿಯೂ ಇದೆ. ಎಸ್‌ಪಿ ರೋಡಿನಲ್ಲಿ 100ಕೆ ಲಾಗ್ ಪಾಟ್ (ವಾಲ್ಯೂಮ್ ನಾಬಿನ ಬಿಡಿಭಾಗ), ಎರಡು ಜ್ಯಾಕ್, ಒಂದು ಅಲ್ಯೂಮಿನಿಯಂ ಬಾಕ್ಸ್, ಎಲ್ಲ ಸೇರಿ ಮುನ್ನೂರು ರೂಪಾಯಿ. ಲೂಪಿನ ಸೆಂಡ್ (ಸದ್ದು ಹೊರಬರುವ ಜ್ಯಾಕ್) ಪಾಟಿನ ಒಂದು ತುದಿಗೆ, ಗ್ರೌಂಡ್ ಇನ್ನೊಂದಕ್ಕೆ, ನಡುವಿನ ಕಾಲು ರಿಟರ್ನಿಗೆ (ವಾಪಸ್ ಹೋಗುವ ಜ್ಯಾಕ್). ನಾಬ್ ಒಂದರಲ್ಲೇ ಸದ್ದು ಹಾರುವ ಆಂಪ್ ಇರುವವರು ಮಾರುವ ಮುಂಚೆ ಇದನ್ನು ಮಾಡಿನೋಡಿ. ವಾಲ್ಯೂಮ್ ನಾಬ್ ನಾಲ್ಕೈದರ ಹತ್ತಿರ ಬಂದು ನಿಲ್ಲುತ್ತದೆ, ಸಣ್ಣಸಣ್ಣ ಹೆಜ್ಜೆಯಲ್ಲಿ ತಿರುಗಿಸಬಹುದು.

ದಾರಿ ತಪ್ಪಿ ಮಾಡಿದ ಪ್ರಯೋಗಗಳಲ್ಲಿ ಫ್ಯಾನಿನದ್ದು ಹೇಳಲೇಬೇಕು. ಗೇನ್ ಏರಿಸಿದಾಗ ಜ್ಝ್ ಎನ್ನುವ ಸದ್ದಿಗೆ ಕೇಬಲ್ ಬದಲಿಸಿದೆ, ಪಿಕಪ್ಪಿಗೆ ತಾಮ್ರದ ಟೇಪ್ ಸುತ್ತಿಸಿದೆ, ನಾಯ್ಸ್ ಗೇಟ್ ಕೊಳ್ಳಲೂ ಹೊರಟಿದ್ದೆ. ಒಂದು ದಿನ ಫ್ಯಾನ್ ಆಫ್ ಮಾಡಿದಾಗ ಮುಕ್ಕಾಲು ಪಾಲು ಮಾಯ. ಸದ್ದು ಮಾಡುತ್ತಿದ್ದುದು ಫ್ಯಾನಲ್ಲ, ಸುತ್ತಿಸುವ ನಾಬ್ ಇರುವ ಎಲೆಕ್ಟ್ರಾನಿಕ್ ರೆಗ್ಯುಲೇಟರ್. ಅದರೊಳಗಿನ ಟ್ರಯಾಕ್ ಎಂಬ ಸ್ವಿಚ್ ಕರೆಂಟಿನ ಅಲೆಯನ್ನು ಕತ್ತರಿಸಿ ಕತ್ತರಿಸಿ ಕೊಡುತ್ತದೆ, ಆ ಕತ್ತರಿಯ ಸದ್ದು ಪಿಕಪ್ಪಿಗೆ ಬೀಳುತ್ತದೆ. ಕಟಕಟ ಎಂದು ಹಂತಹಂತವಾಗಿ ತಿರುಗುವ ಕೆಪಾಸಿಟರ್ ರೆಗ್ಯುಲೇಟರ್ ಹಾಕಿಸಿದೆ, ಮುನ್ನೂರು ರೂಪಾಯಿಯೊಳಗೆ ಮುಗಿಯಿತು. ಸ್ಕ್ವೇರ್ ವೇವ್ ಇನ್ವರ್ಟರ್ ಇರುವ ಮನೆಗಳಲ್ಲೂ ಇದೇ ಕಥೆ, ಕರೆಂಟ್ ಹೋದಾಗ ಡಿಸ್ಟಾರ್ಷನ್ ಚಾನೆಲ್ ನುಡಿಸಲಾಗದು. ಸೈನ್ ವೇವ್‌ನದು ಇದ್ದರೆ ತೊಂದರೆಯಿಲ್ಲ.

ಇನ್ನೊಂದು ಸಂಗತಿ, ಆಂಪ್ ನೆಲದ ಮೇಲಿರಬಾರದು. ನೆಲದ ಮೇಲಿಟ್ಟರೆ ಬೇಸ್ ಸ್ಲ್ಯಾಬಿಗೆ ಇಳಿದು ಕೆಳಗಿನ ಮನೆಗೆ ಹೋಗುತ್ತದೆ, ಹೈ ನಿಮ್ಮ ಕಾಲಿಗೆ ಬಡಿಯುತ್ತದೆ. ಮರದ ಸ್ಟೂಲ್, ಅದರ ಮೇಲೆ ಹಳೆಯ ನಾರಿನ ಹಾಸಿಗೆಯಿಂದ ಕತ್ತರಿಸಿದ ತುಂಡು, ಅದರ ಮೇಲೆ ಕ್ಯಾಬಿನೆಟ್. ನೇರವಾಗಿ ಕಿವಿಗೆ ಬರುವ ಚೂಪು ಹೈ ತಗ್ಗಿಸಲು ಸ್ಪೀಕರ್ ಮುಂದೆ ಒಂದು ಇಂಚು ದಪ್ಪದ ಫೋಮ್ ಹಾಕಿ, ನಡುವೆ ಮೂರು ಇಂಚಿನ ತೂತು ಬಿಟ್ಟಿದ್ದೇನೆ. ತೂತಿಲ್ಲದ ಫೋಮ್ ಹಾಕಿ ನೋಡಿದೆ, ಜೀವವೇ ಹೋಯಿತು. ವಾಸದ ಪ್ರದೇಶದಲ್ಲಿ ಕಾನೂನಿನ ಮಿತಿ ಹಗಲು 55, ರಾತ್ರಿ ಹತ್ತರಿಂದ ಬೆಳಿಗ್ಗೆ ಆರರವರೆಗೆ 45 ಡಿಬಿ. ಬಾಗಿಲು ಹಾಕಿ ಹೊರಗೆ ನಿಂತು ಅಳೆದರೆ ನನ್ನದು ಐವತ್ತರ ಆಸುಪಾಸು ಬರುತ್ತದೆ. "ಏನಪ್ಪಾ, ಗಿಟಾರ್ ಮಾರಿಬಿಟ್ಯಾ?" ಅಂದರು ಓನರ್ ಆಂಟಿ. ಇದಕ್ಕಿಂತ ದೊಡ್ಡ ಸರ್ಟಿಫಿಕೇಟ್ ನನಗೆ ಬೇಡ.

ಹುಡುಗರಿಗೆ ಆಂಟಿಯ ಮಾತು ಸಾಕಾಗಲಿಲ್ಲ. ಅವರಲ್ಲೊಬ್ಬ ತನ್ನ 50 ವಾಟ್ ಟ್ಯೂಬ್ ಹೆಡ್ ಹೊತ್ತು ತಂದ. ಅದೇ ಕ್ಯಾಬಿನೆಟ್, ಎರಡೂ 70 ಡಿಬಿ, ಅವನು ಗೋಡೆ ಕಡೆ ಮುಖ ಮಾಡಿ ಕೂತ, ನಾನು ಬದಲಿಸಿ ಬದಲಿಸಿ ಅದೇ ರಿಫ್ ನುಡಿಸಿದೆ. ಕ್ಲೀನಿನಲ್ಲಿ (ಡಿಸ್ಟಾರ್ಷನ್ ಇಲ್ಲದಾಗ) ಅವನದೇ ಮೇಲು, ಒಪ್ಪುತ್ತೇನೆ. ಡಿಸ್ಟಾರ್ಷನ್ನಿನಲ್ಲಿ ಹೆಚ್ಚಿನ ಸಲ "ಇದೇ ನನ್ನದು" ಎಂದು ಅವನು ಬೆರಳು ತೋರಿಸಿದ್ದು ಕ್ರಷ್‌ಗೆ. ಆಮೇಲೆ 95ಕ್ಕೆ ಏರಿಸಿ ಕೇಳಿದೆವು, ಅಲ್ಲಿ ಟ್ಯೂಬ್ ಗೆದ್ದಿತು. ನಾನು ಹೇಳುತ್ತಿದ್ದುದೂ ಅದನ್ನೇ.

ಒಟ್ಟು ಖರ್ಚು ಪೆಡಲ್ ಸೇರಿ ಮೂವತ್ತೇಳು, ಮೂವತ್ತೆಂಟು ಸಾವಿರ ಆಗಿರಬೇಕು. ಸೆಕೆಂಡ್ ಹ್ಯಾಂಡ್ ಹುಡುಕುವವರು ಹಿಂದಿನ ಪ್ಲೇಟ್ ಓದಿ. ಅಮೆರಿಕದಿಂದ ನೆಂಟರು ತಂದ ಆಂಪುಗಳು ಇಲ್ಲಿ ಸೋವಿಯಾಗಿ ಮಾರಾಟಕ್ಕೆ ಬರುತ್ತವೆ, ಅವು 120 ವೋಲ್ಟಿನವು. ಒಳ್ಳೆಯ ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರಿನ ಬೆಲೆಯನ್ನು ಆಂಪಿನ ಬೆಲೆಗೆ ಕೂಡಿಸಿಯೇ ಚೌಕಾಸಿ ಮಾಡಿ. ಮನೆಯ ಸಾಕೆಟ್ಟಿನಲ್ಲಿ ಅರ್ಥಿಂಗ್ ಇದೆಯೇ ಎಂದು ಎಲೆಕ್ಟ್ರಿಷಿಯನ್ ಹತ್ತಿರ ತೋರಿಸಿ. ನಾನು ಈಗ ಅದೇ ಬಡಗಿಗೆ ಇನ್ನೊಂದು ಕ್ಯಾಬಿನೆಟ್ ಹೇಳಿದ್ದೇನೆ, ಈ ಸಲ ಹಿಂಬದಿ ಅರ್ಧ ತೆರೆದದ್ದು. ಕ್ಲೀನಿನಲ್ಲಿ ಆ ಸ್ನೇಹಿತನ ಟ್ಯೂಬ್ ಹೆಡ್ಡನ್ನು ಹಿಡಿಯಬಹುದೇ ಎಂದು ನೋಡಬೇಕು.