ಬೈಕಿನ ಬ್ಯಾಟರಿ, ಹಿಂದಿನ ಶಾಕ್ ಅಬ್ಸಾರ್ಬರ್: ಬದಲಿಸುವ ಮುಂಚೆ ನಾನು ಅಳೆಯುವುದು ಹೀಗೆ

ಬೈಕ್ ಸ್ಟಾರ್ಟ್ ಆಗಲಿಲ್ಲ ಅಂದರೆ ‘ಬ್ಯಾಟರಿ ಹೋಯ್ತು’. ಹಿಂಬದಿ ಕುಸಿದಂತೆ ಅನಿಸಿದರೆ ‘ಶಾಕ್ ಹೋಯ್ತು’. ಎಲ್ಲರ ಬಾಯಲ್ಲೂ ಇದೇ ಮಾತು. ದುಡ್ಡು ಬಿಚ್ಚುವ ಮುಂಚೆ ನಾನು ಅಳೆದು ನೋಡುತ್ತೇನೆ. ಒಂದಕ್ಕೆ ಮಲ್ಟಿಮೀಟರ್, ಇನ್ನೊಂದಕ್ಕೆ ಟೇಪು. ಸಾಮಾನು ಇಷ್ಟೇ.

ನನ್ನದು 12 ವೋಲ್ಟ್, 9 ಆಂಪಿಯರ್-ಅವರ್ ಲೆಡ್ ಆಸಿಡ್ ಬ್ಯಾಟರಿ. ಗಾಡಿ ರಾತ್ರಿಯೆಲ್ಲ ನಿಂತ ಮೇಲೆ, ಬೆಳಿಗ್ಗೆ ಕೀ ತಿರುಗಿಸುವ ಮುಂಚೆ ಮೀಟರ್ ಇಡುತ್ತೇನೆ. 12.6ರ ಮೇಲಿದ್ದರೆ ತುಂಬಿದೆ. 12.4 ಅಂದರೆ ಸುಮಾರು ಮುಕ್ಕಾಲು. 12ಕ್ಕೆ ಇಳಿದಿದ್ದರೆ ಹೆಚ್ಚುಕಮ್ಮಿ ಖಾಲಿ. ‘12 ವೋಲ್ಟ್ ಬ್ಯಾಟರಿ, 12 ಇದೆಯಲ್ಲ’ ಅಂತ ಸಮಾಧಾನ ಪಡುವ ಹಾಗಿಲ್ಲ. ಓಡಿಸಿ ಬಂದ ತಕ್ಷಣ ಅಳೆದರೆ ಜಾಸ್ತಿ ತೋರಿಸುತ್ತದೆ, ಅದು ಲೆಕ್ಕಕ್ಕಿಲ್ಲ.

ಬಿಚ್ಚುವಾಗ ನೆಗೆಟಿವ್ ಮೊದಲು, ಹಾಕುವಾಗ ನೆಗೆಟಿವ್ ಕೊನೆಗೆ. ಇದು ಸುಮ್ನೆ ಶಾಸ್ತ್ರಕ್ಕಲ್ಲ. ಚಾಸಿ ಪೂರ್ತಿ ನೆಗೆಟಿವ್‌ಗೆ ಸೇರಿರುತ್ತದೆ. ಪಾಸಿಟಿವ್ ಬೋಲ್ಟ್ ಮೇಲಿಟ್ಟ ಸ್ಪ್ಯಾನರ್ ಚಾಸಿಗೆ ತಗುಲಿದರೆ ಕಿಡಿ ಹಾರುತ್ತದೆ. ನೆಗೆಟಿವ್ ಮೊದಲೇ ಬಿಚ್ಚಿದ್ದರೆ ತಗುಲಿದರೂ ಚಿಂತೆಯಿಲ್ಲ.

ಚಾರ್ಜ್ ಮಾಡುವಾಗ ಹತ್ತರಲ್ಲೊಂದು ಪಾಲಿನ ಲೆಕ್ಕ. 9 ಆಂಪಿಯರ್-ಅವರ್‌ಗೆ 0.9 ಆಂಪಿಯರ್. ಅವಸರಕ್ಕೆ ಕಾರಿನ ದೊಡ್ಡ ಚಾರ್ಜರ್ ಹಾಕಿದರೆ ಬ್ಯಾಟರಿ ಕಾದು ಪ್ಲೇಟು ಹಾಳಾಗುತ್ತವೆ. ನೀರು ಹಾಕುವ ಬ್ಯಾಟರಿಯಾದರೆ ಮೊದಲು ಪ್ಲೇಟು ಮುಳುಗುವಷ್ಟೇ ಡಿಸ್ಟಿಲ್ಡ್ ವಾಟರ್ ಹಾಕುತ್ತೇನೆ. ಮೇಲಿನ ಗೆರೆಯವರೆಗೆ ತುಂಬಿಸುವುದು ಚಾರ್ಜ್ ಆದಮೇಲೆ. ಚಾರ್ಜ್ ಆಗುವಾಗ ಒಳಗಿನ ಮಟ್ಟ ಏರುತ್ತದೆ, ಮೊದಲೇ ತುಂಬಿಸಿದರೆ ಆಸಿಡ್ ಹೊರಗೆ ಚೆಲ್ಲುತ್ತದೆ. ಹೈಡ್ರೋಜನ್ ಬರುವುದರಿಂದ ಗಾಳಿಯಾಡುವ ಜಾಗ ಬೇಕು. ಕ್ಲಿಪ್ ತೆಗೆಯುವ ಮುಂಚೆ ಚಾರ್ಜರ್ ಆಫ್ ಮಾಡಬೇಕು. ಲಿಥಿಯಂ ಬ್ಯಾಟರಿಗೆ ಅದರದ್ದೇ ಚಾರ್ಜರ್, ಅಲ್ಲಿ ಈ ಯಾವ ಲೆಕ್ಕವೂ ನಡೆಯಲ್ಲ.

ಬ್ಯಾಟರಿ ವಾಪಸ್ ಕೂರಿಸಿದ ಮೇಲೆ ಎಂಜಿನ್ ಸ್ವಲ್ಪ ರೇಸ್ ಮಾಡಿ ಇನ್ನೊಮ್ಮೆ ಮೀಟರ್ ಹಿಡಿಯುತ್ತೇನೆ. 14ರ ಆಸುಪಾಸು ಬರಬೇಕು. 13ನ್ನೂ ಮುಟ್ಟದಿದ್ದರೆ ಗಾಡಿಯೇ ಚಾರ್ಜ್ ಮಾಡುತ್ತಿಲ್ಲ, ಹೊಸ ಬ್ಯಾಟರಿ ಹಾಕಿದರೂ ಅಷ್ಟೇ. 15 ದಾಟಿದರೆ ವೋಲ್ಟೇಜನ್ನು ಮಿತಿಯಲ್ಲಿಡುವ ರೆಗ್ಯುಲೇಟರ್ ಮೇಲೆ ಅನುಮಾನ. ಈ ಒಂದು ನಿಮಿಷದ ಕೆಲಸವನ್ನೇ ಜನ ಬಿಟ್ಟುಬಿಡುತ್ತಾರೆ.

ಇನ್ನು ಶಾಕ್. ಅದರ ಕೆಳಗಿನ ಮೆಟ್ಟಿಲು ಮೆಟ್ಟಿಲಾದ ಬಳೆಯನ್ನು ಹುಕ್ ಸ್ಪ್ಯಾನರ್‌ನಿಂದ ತಿರುಗಿಸಿದರೆ ಸ್ಪ್ರಿಂಗ್ ಗಟ್ಟಿಯಾಗುತ್ತದೆ ಅಂತ ತುಂಬಾ ಜನ ನಂಬಿದ್ದಾರೆ. ಸ್ಪ್ರಿಂಗ್ ಅದೇ ಇರುತ್ತದೆ. ಅದನ್ನು ಮೊದಲೇ ಒಂದಿಷ್ಟು ಒತ್ತಿ ಇಟ್ಟಂತಾಗುತ್ತದೆ. ಹಾಗಾಗಿ ನೀವು ಕೂತಾಗ ಹಿಂಬದಿ ಸ್ವಲ್ಪ ಎತ್ತರದಲ್ಲೇ ನಿಲ್ಲುತ್ತದೆ.

ಎಷ್ಟು ಬೇಕು ಅಂತ ತಿಳಿಯಲು ಸೆಂಟರ್ ಸ್ಟ್ಯಾಂಡ್ ಹಾಕಿ, ಹಿಂದಿನ ಚಕ್ರ ನೇತಾಡುವಾಗ ಆಕ್ಸಲ್‌ನಿಂದ ನೇರ ಮೇಲಕ್ಕೆ, ಸೀಟಿನ ಕೆಳಗಿನ ಒಂದು ಗುರುತಿನವರೆಗೆ ಅಳೆಯುತ್ತೇನೆ. ನನ್ನ ಗಾಡಿಯಲ್ಲಿ 560 ಮಿಲಿಮೀಟರ್. ಆಮೇಲೆ ಸ್ಟ್ಯಾಂಡ್ ತೆಗೆದು, ಒಬ್ಬರು ಮುಂದೆ ಹಿಡಿದುಕೊಂಡಿರಲು, ನಾನು ಹೆಲ್ಮೆಟ್ ಸಮೇತ ಕಾಲು ಮೇಲಿಟ್ಟು ಕೂರುತ್ತೇನೆ. ಮತ್ತೊಬ್ಬರು ಅದೇ ಗುರುತಿಗೆ ಅಳೆದರೆ 528. ಕುಸಿದದ್ದು 32. ಚಕ್ರದ ಪೂರ್ತಿ ಓಡಾಟ 110. ರಸ್ತೆ ಗಾಡಿಗೆ ಅದರಲ್ಲಿ ಮೂರನೇ ಒಂದು ಪಾಲಿನ ಒಳಗಿದ್ದರೆ ನನಗೆ ಸಾಕು. ಹಿಂದೆ ಯಾರಾದರೂ ಕೂರುವಾಗ ಬಳೆಯನ್ನು ಮೆಟ್ಟಿಲೇರಿಸುತ್ತೇನೆ, ಎರಡೂ ಕಡೆ ಸಮವಾಗಿ.

ಬಳೆ ಕೊನೆಯ ಮೆಟ್ಟಿಲಿಗೆ ಬಂದರೂ ಒಬ್ಬರೇ ಕೂತಾಗ ತೀರಾ ಕುಸಿದರೆ ಸ್ಪ್ರಿಂಗ್ ದಣಿದಿದೆ, ಇಲ್ಲವೇ ನಿಮ್ಮ ತೂಕಕ್ಕೆ ಸಾಲದು. ಡ್ಯಾಂಪರ್, ಅಂದರೆ ಸ್ಪ್ರಿಂಗಿನ ಕುಣಿತ ತಡೆಯುವ ಎಣ್ಣೆಯ ಭಾಗ, ಅದರ ಕಥೆ ಬೇರೆ. ಸೀಟು ಜೋರಾಗಿ ಒತ್ತಿ ಬಿಡಿ. ಒಮ್ಮೆ ಮೇಲೆದ್ದು ನಿಂತರೆ ಸರಿ, ಮತ್ತೆ ಮತ್ತೆ ಕುಣಿದರೆ ಡ್ಯಾಂಪಿಂಗ್ ಇಲ್ಲ. ರಾಡ್ ಮೇಲೆ ಧೂಳು ಅಂಟಿದ ಎಣ್ಣೆ ಕಂಡರೆ ಸೀಲ್ ಸೋರುತ್ತಿದೆ. ಆಗ ಜೋಡಿಯಾಗಿಯೇ ಬದಲಿಸುತ್ತೇನೆ. ಒಂದು ಹಳೆಯದು, ಒಂದು ಹೊಸದು ಇಟ್ಟರೆ ಎರಡೂ ಬದಿಯ ಕೆಲಸ ಒಂದೇ ಥರ ಇರಲ್ಲ, ಅಲ್ವಾ?

ಬಳೆ ತಿರುಗಿಸಿದ ಮೇಲೆ ಹೆಡ್‌ಲೈಟ್ ಕೂಡ ನೋಡಿಕೊಳ್ಳಿ. ಹಿಂಬದಿ ಎದ್ದರೆ ಬೆಳಕು ಹತ್ತಿರಕ್ಕೆ ಬೀಳುತ್ತದೆ.